ಲೈನ್‌ಔಟ್ ಕೂಗುತ್ತಿದ್ದವರು ಕೋಚ್ ಆದ ಬಗೆ: ಸ್ಟೀವ್ ಬೋರ್ತ್‌ವಿಕ್ ನಡೆದ ದಾರಿ

ದೇಶದ ಪರ ರಗ್ಬಿ ಆಡಿ ನಿವೃತ್ತರಾದವರು ಕೋಚ್ ಆಗಲು ಹೊರಟಾಗ ಮೊದಲು ಎದುರಾಗುವ ತೊಡಕು ಒಂದೇ. ಮೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಹದಿನೈದು ವರ್ಷ ಆಡಿದವನಿಗೆ ಯಾವ ಗಳಿಗೆಯಲ್ಲಿ ಜಿಗಿಯಬೇಕು ಅಂತ ಗೊತ್ತು. ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರೆ ‘ಆಡ್ತಾ ಆಡ್ತಾ ಗೊತ್ತಾಗುತ್ತೆ’ ಅನ್ನುತ್ತಾನೆ. ಇಪ್ಪತ್ತರ ಹರೆಯದ ಹುಡುಗನಿಗೆ ಆ ಉತ್ತರದಿಂದ ಮೂರು ಕಾಸಿನ ಉಪಯೋಗ ಇಲ್ಲ. ಹೆಸರಿನ ಬಲದಿಂದ ಕೋಚ್ ಆದ ಎಷ್ಟೋ ದೊಡ್ಡ ಆಟಗಾರರು ಎರಡು ಸೀಸನ್ ಮುಗಿಯುವುದರೊಳಗೆ ಟಿವಿ ಸ್ಟುಡಿಯೊ ಸೇರುವುದು ಇದೇ ಕಾರಣಕ್ಕೆ.

2022ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ನ ಮುಖ್ಯ ಕೋಚ್ ಆದ ಸ್ಟೀವ್ ಬೋರ್ತ್‌ವಿಕ್ ಅವರ ದಾರಿ ಬೇರೆ ಥರದ್ದು. 1979ರಲ್ಲಿ ಕಾರ್ಲೈಲ್‌ನಲ್ಲಿ ಹುಟ್ಟಿದವರು. ಬಾತ್ ಕ್ಲಬ್ಬಿಗೆ ಹತ್ತು ವರ್ಷ, ಸಾರಸೆನ್ಸ್‌ಗೆ ಆರು ವರ್ಷ ಆಡಿದರು. 2001ರಿಂದ 2010ರವರೆಗೆ ಇಂಗ್ಲೆಂಡ್ ಪರ 57 ಟೆಸ್ಟ್, ಅದರಲ್ಲಿ 21 ಪಂದ್ಯಕ್ಕೆ ನಾಯಕ. ಲೆಕ್ಕ ದೊಡ್ಡದಾಗಿ ಕಂಡರೂ ಅವರನ್ನು ತಾರೆ ಅಂತ ಯಾರೂ ಕರೆಯಲಿಲ್ಲ. 2003ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿಗೆ ಜಾಗ ಇರಲಿಲ್ಲ. ನಾಯಕರಾಗಿದ್ದಾಗ ಪತ್ರಿಕೆಗಳು ಹೊಗಳಿದ್ದಕ್ಕಿಂತ ತೆಗಳಿದ್ದೇ ಹೆಚ್ಚು. ವೇಗ ಇರಲಿಲ್ಲ, ಚೆಂಡು ಹಿಡಿದು ಓಡಿ ನಾಲ್ವರನ್ನು ಕೆಡವುವ ಮೈಕಟ್ಟೂ ಅಲ್ಲ. ಅವರ ಕೈಯಲ್ಲಿದ್ದದ್ದು ಒಂದೇ ವಿದ್ಯೆ, ಲೈನ್‌ಔಟ್. ಅದೊಂದನ್ನು ಬೇರೆಯವರಿಗೆ ದಾಟಿಸಲು ಕಲಿತದ್ದೇ ಅವರ ಕೋಚಿಂಗ್ ಬದುಕು ಅಂತ ನನ್ನ ಲೆಕ್ಕ. ಹಾಗಾಗಿ ಮೊದಲು ಆ ವಿದ್ಯೆಯ ಒಳಗುಟ್ಟು ಹೇಳಬೇಕು.

ಚೆಂಡು ಪಕ್ಕದ ಗೆರೆ ದಾಟಿ ಹೊರಗೆ ಹೋದಾಗ ಆಟ ಮತ್ತೆ ಶುರುವಾಗುವುದು ಲೈನ್‌ಔಟ್‌ನಿಂದ. ಗೆರೆಯಿಂದ 5 ಮೀಟರ್ ಒಳಗಿನಿಂದ 15 ಮೀಟರ್‌ವರೆಗಿನ ಜಾಗದಲ್ಲಿ ಎರಡೂ ತಂಡದವರು ಒಂದೊಂದು ಸಾಲಾಗಿ ನಿಲ್ಲುತ್ತಾರೆ. ಸಾಲುಗಳ ನಡುವೆ 1 ಮೀಟರ್ ಸಂದು. ಹುಕರ್ ಗೆರೆಯ ಹೊರಗೆ ನಿಂತು ಆ ಸಂದಿನೊಳಗೆ ನೇರವಾಗಿ ಚೆಂಡು ಎಸೆಯಬೇಕು. ಸಾಲಿನಲ್ಲಿ ಕಡಿಮೆ ಎಂದರೆ ಇಬ್ಬರು. ಹೆಚ್ಚೆಂದರೆ ಎಷ್ಟು ಅನ್ನುವುದನ್ನು ಎಸೆಯುವ ತಂಡ ತೀರ್ಮಾನಿಸುತ್ತದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟ ನೋಡಿದವರು ಲೈನ್‌ಔಟ್ ಅಂದರೆ ಇಷ್ಟೇನಾ ಅಂದುಕೊಂಡಿರಬಹುದು. ಅದು ಏಳು ಜನರ ಸೆವೆನ್ಸ್ ಆಟ, ಎರಡು ಮೂರು ಜನ ಸೇರಿದರೆ ಲೈನ್‌ಔಟ್ ಮುಗಿಯಿತು. ಹದಿನೈದು ಜನರ ಆಟದಲ್ಲಿ ಏಳು ಫಾರ್ವರ್ಡ್‌ಗಳು (ತಳ್ಳುವ, ಎತ್ತುವ ಕೆಲಸದ ದೊಡ್ಡ ಮೈಯ ಆಟಗಾರರು) ಸಾಲಿನಲ್ಲಿ, ಒಬ್ಬ ಎಸೆಯಲು, ಒಬ್ಬ ಚೆಂಡು ಪಡೆಯಲು. ಒಂಬತ್ತು ಜನ ಒಂದೇ ಕ್ಷಣಕ್ಕೆ ಕೂಡಬೇಕು. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೂ ಹತ್ತರಿಂದ ಹದಿನೈದು ಲೈನ್‌ಔಟ್ ಸಿಗುತ್ತವೆ, ಟೆಸ್ಟ್ ಮಟ್ಟದಲ್ಲಿ ಅರ್ಧಕ್ಕರ್ಧ ಟ್ರೈಗಳ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡು ನೆಲಕ್ಕೊತ್ತಿ ಅಂಕ ಪಡೆಯುವುದು) ಬೇರು ಹುಡುಕಿದರೆ ಅಲ್ಲಿಗೇ ಹೋಗಿ ಮುಟ್ಟುತ್ತದೆ ಅಂದರೂ ಉತ್ಪ್ರೇಕ್ಷೆ ಆಗಲಾರದು.

ಎತ್ತುವ ಕೆಲಸದಿಂದ ಶುರು ಮಾಡೋಣ. ಜಿಗಿಯುವವನ ಮುಂದೊಬ್ಬ, ಹಿಂದೊಬ್ಬ. ಮುಂದಿನವನು ಜಿಗಿಯುವವನಿಗೆ ಮುಖ ಮಾಡಿ ಅವನ ತೊಡೆಗಳನ್ನು, ಮಂಡಿಯಿಂದ ಮೇಲೆ, ಹಿಡಿಯುತ್ತಾನೆ. ಅಲ್ಲಿ ಟೇಪ್ ಸುತ್ತಿ ಒಳಗೆ ಫೋಮ್ ತುಂಡು ಇಟ್ಟಿರುತ್ತಾರೆ, ಬೆವರಿದ ಕೈ ಜಾರದಿರಲಿ ಅಂತ. ಹಿಂದಿನವನ ಹಿಡಿತ ಚಡ್ಡಿಯ ಮೇಲೆ, ಪೃಷ್ಠದ ಕೆಳಗೆ. ಮೊದಲೇ ಹಿಡಿದುಕೊಂಡು ನಿಲ್ಲಲು ನಿಯಮ ಬಿಡುತ್ತದೆ, ಆದರೆ ಮುಂದಿನಿಂದ ತೊಡೆಗಿಂತ ಕೆಳಗೆ, ಹಿಂದಿನಿಂದ ಚಡ್ಡಿಗಿಂತ ಕೆಳಗೆ ಹಿಡಿಯುವಂತಿಲ್ಲ. ಚೆಂಡು ಹುಕರ್ ಕೈ ಬಿಡುವ ಮೊದಲು ಎತ್ತುವಂತೆಯೂ ಇಲ್ಲ. ಎತ್ತುವ ಬಲ ತೋಳಿನದಲ್ಲ, ಕಾಲಿನದು. ಇಬ್ಬರೂ ಕುಕ್ಕರಿಸಿದ ಭಂಗಿಯಿಂದ ಏಳುತ್ತಾರೆ, ತೋಳು ನೆಟ್ಟಗಾದ ಕೂಡಲೇ ಒಂದು ಹೆಜ್ಜೆ ಒಳಗೆ ಬಂದು ಎದೆಗೆ ಎದೆ ಹತ್ತಿರ ಮಾಡುತ್ತಾರೆ. ಈ ಒಳಹೆಜ್ಜೆ ತಪ್ಪಿದರೆ ತೋಳು ಓರೆಯಾಗುತ್ತದೆ, ಓರೆ ತೋಳಿನ ಮೇಲೆ 110 ಕಿಲೊ ಮನುಷ್ಯ ನಿಲ್ಲುವುದಿಲ್ಲ. ಹಿಂದಿನವನು ಕಣ್ಣು ಮಿಟುಕಿಸುವಷ್ಟು ಮೊದಲು ಎತ್ತಿಬಿಟ್ಟರೆ ಜಿಗಿದವನು ಮುಂದಕ್ಕೆ ಮಗುಚುತ್ತಾನೆ. ಮುಂದಿನವನು ಮೊದಲಾದರೆ ಹಿಂದಕ್ಕೆ ವಾಲುತ್ತಾನೆ, ಚೆಂಡು ಅವನ ಬೆರಳಿನ ಮುಂದಿನಿಂದ ಹಾದುಹೋಗುತ್ತದೆ. ಗ್ಯಾಲರಿಯಲ್ಲಿ ಕೂತವರಿಗೆ ಎರಡೂ ಸಲ ‘ಹುಕರ್ ಕೆಟ್ಟದಾಗಿ ಎಸೆದ’ ಅಂತಲೇ ಕಾಣುತ್ತದೆ.

ಹುಕರ್‌ಗಳ ಪಾಡು ಅದು. ಮುಂದಿನ ಜಾಗಕ್ಕೆ ಸುಮಾರು 6-7 ಮೀಟರ್ ದೂರದ ಚಪ್ಪಟೆ, ವೇಗದ ಎಸೆತ. ನಡುವಿಗೆ 9-10 ಮೀಟರ್. ಬಾಲಕ್ಕೆ 13ರ ಆಸುಪಾಸು, ಅಲ್ಲಿ ಚೆಂಡು ನಡುವಿನ ಎದುರಾಳಿಯ ಬೆರಳು ತಪ್ಪಿಸಲು ಕಮಾನಿನಂತೆ ಹೋಗಬೇಕು, ಗಾಳಿ ಇದ್ದರೆ ಅದೇ ಮೊದಲು ಕೈಕೊಡುವುದು. ಮನುಷ್ಯನನ್ನು ನೋಡಿ ಎಸೆಯಬಾರದು. ಅವನ ಕೈ ಅತಿ ಎತ್ತರದಲ್ಲಿ ಎಲ್ಲಿ ಇರುತ್ತದೋ ಆ ಖಾಲಿ ಜಾಗಕ್ಕೆ ಎಸೆಯಬೇಕು. ಜಿಗಿಯುವವನು ಅಲ್ಲಿಗೆ ಬರುತ್ತಾನೆ ಅನ್ನುವ ನಂಬಿಕೆಯೇ ಬಂಡವಾಳ. ಆ ನಂಬಿಕೆ ಎರಡು ಸಲ ಸುಳ್ಳಾದರೆ ಹುಕರ್ ಕಣ್ಣಿಟ್ಟು ಎಸೆಯಲು ತೊಡಗುತ್ತಾನೆ, ಎಸೆತ ನಿಧಾನವಾಗುತ್ತದೆ, ಎದುರಾಳಿಗೆ ಹಬ್ಬ.

ಇನ್ನು ಬೋರ್ತ್‌ವಿಕ್ ಅವರ ಸ್ವಂತ ಕ್ಷೇತ್ರ, ಕೂಗು. ಎಷ್ಟು ಜನ, ಯಾರು ಎಲ್ಲಿಗೆ ಸರಿಯುವುದು, ಕೊನೆಗೆ ಯಾವ ಜಾಗದಲ್ಲಿ ಯಾರು ಏಳುವುದು ಅನ್ನುವುದು ನಾಲ್ಕಾರು ಅಕ್ಷರ ಅಥವಾ ಅಂಕಿಗಳಲ್ಲಿ ಅಡಗಿರುತ್ತದೆ. ಅದರಲ್ಲಿ ಒಂದೋ ಎರಡೋ ನಿಜ, ಉಳಿದದ್ದು ಎದುರಾಳಿಯ ಕಿವಿಗೆ. ಕೂಗುವ ಲಾಕ್ (ಎತ್ತರದ ಫಾರ್ವರ್ಡ್, ಬೋರ್ತ್‌ವಿಕ್ ಆಡುತ್ತಿದ್ದ ಜಾಗ) ಸಾಲಿಗೆ ಬರುವ ಮೊದಲೇ ಎದುರಿನವರನ್ನು ಓದಿರಬೇಕು. ಲೆಕ್ಕ ಸರಳ. ಏಳು ಜನರ ಲೈನ್‌ಔಟ್‌ನಲ್ಲಿ ಏಳಬಹುದಾದ ಜಾಗ ಮೂರು: ಮುಂದೆ, ನಡುವೆ, ಬಾಲ. ತಡೆಯುವ ತಂಡ ಸಾಮಾನ್ಯವಾಗಿ ಎರಡು ಕಡೆ ಮಾತ್ರ ಜನರನ್ನು ಎತ್ತಲು ಸಜ್ಜಾಗಬಲ್ಲದು. ಮೂರನೆಯದು ಎಲ್ಲಿ ಖಾಲಿ ಅಂತ ಹುಡುಕುವುದೇ ಕೂಗುವವನ ಕೆಲಸ. ಎದುರಾಳಿಯ ಪ್ರಾಪ್ (ಎತ್ತುವ ಕೆಲಸದ ಭಾರಿ ಫಾರ್ವರ್ಡ್) ಹಿಮ್ಮಡಿ ಮೇಲೆ ಭಾರ ಹಾಕಿದ್ದಾನೆಯೇ, ಯಾರ ಕೈ ಯಾರ ತೊಡೆಯ ಟೇಪ್ ಹುಡುಕುತ್ತಿದೆ, ಹಿಂದಿನ ಫ್ಲ್ಯಾಂಕರ್ ಒಂದು ಹೆಜ್ಜೆ ಮುಂದೆ ಬಂದನೇ. ಇಷ್ಟನ್ನೂ ಗೆರೆಯ ಕಡೆ ನಡೆದು ಬರುವಾಗಲೇ ನೋಡಿ ಮುಗಿಸಬೇಕು. ಎದುರಾಳಿ ಎಸೆಯುವಾಗ ಇದೇ ಕಣ್ಣು ತಿರುವುಮುರುವಾಗಿ ಕೆಲಸ ಮಾಡುತ್ತದೆ. ಹುಕರ್ ಕಾಲು ಹೇಗೆ ಇಟ್ಟ, ಚೆಂಡು ಪಡೆಯುವವನು ಎಲ್ಲಿ ನಿಂತ, ಕೂಗಿದವನು ಕೂಗಿದ ಮೇಲೆ ಯಾರ ಕಡೆ ನೋಡಲಿಲ್ಲ. ನೋಡಲಿಲ್ಲ ಅನ್ನುವುದೇ ಮುಖ್ಯ, ಯಾಕೆಂದರೆ ಚೆಂಡು ಹೋಗುವ ಕಡೆ ನೋಡಬಾರದು ಅಂತ ಎಲ್ಲರೂ ಕಲಿತಿರುತ್ತಾರೆ. ಬಾತ್‌ನ ಕಾಲದಿಂದಲೂ ಬೋರ್ತ್‌ವಿಕ್ ವಿಡಿಯೊ ಮುಂದೆ ಗಂಟೆಗಟ್ಟಲೆ ಕೂರುವ ಮನುಷ್ಯ ಅಂತ ಹೆಸರಾದದ್ದು ಇದಕ್ಕೆ.

2008ರಲ್ಲಿ ಅವರು ಸಾರಸೆನ್ಸ್ ಸೇರಿದಾಗ ಅಲ್ಲಿ ಎಡ್ಡಿ ಜೋನ್ಸ್ ಇದ್ದರು. ಜೋನ್ಸ್ ಮುಂದೆ ಜಪಾನ್ ತಂಡದ ಮುಖ್ಯ ಕೋಚ್ ಆದಾಗ, 2012ರಲ್ಲಿ, ಫಾರ್ವರ್ಡ್‌ಗಳನ್ನು ತಿದ್ದಲು ಬೋರ್ತ್‌ವಿಕ್ ಅವರನ್ನು ಕರೆದರು. ಆಗಿನ್ನೂ ಅವರು ಸಾರಸೆನ್ಸ್‌ಗೆ ಆಡುತ್ತಿದ್ದರು. ಹೊಸದಾಗಿ ಕೋಚ್ ಆಗುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಜವಾಬ್ದಾರಿ ಕಿರಿದು, ಮೇಲೆ ಗದರಿಸುವ ಯಜಮಾನ, ಆಡುತ್ತಿರುವಾಗಲೇ ಕಲಿಸುವ ಅಭ್ಯಾಸ. ಎಲ್ಲಕ್ಕಿಂತ ಮಿಗಿಲಾಗಿ, ಹೇಳಿದ್ದೆಲ್ಲ ದುಭಾಷಿಯ ಬಾಯಿಂದ ಹೋಗಬೇಕು. ಉದ್ದದ ವಿವರಣೆ ದಾರಿಯಲ್ಲೇ ಸೋರಿಹೋಗುತ್ತದೆ. ‘ಕೈ ಮೇಲೆ’, ‘ಒಳಗೆ ಹೆಜ್ಜೆ’, ‘ಬೇಗ ಕೆಳಗೆ’ ಥರದ ಎರಡು ಪದದ ಸೂಚನೆ ಮಾತ್ರ ಉಳಿಯುತ್ತದೆ. ತನ್ನ ಭಾಷೆಯವರಿಗೇ ಕಲಿಸುವ ಕೋಚ್‌ಗಳು ಈ ಮಿತವ್ಯಯ ಕಲಿಯಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ, ಕೆಲವರು ಕಲಿಯುವುದೇ ಇಲ್ಲ.

ಜಪಾನಿನ ಸಮಸ್ಯೆ ಎತ್ತರದ್ದು. ದಕ್ಷಿಣ ಆಫ್ರಿಕಾದ ಲಾಕ್‌ಗಳ ಜೊತೆ ಗಾಳಿಯಲ್ಲಿ ಪೈಪೋಟಿಗೆ ಇಳಿದರೆ ಸೋಲು ಖಾತ್ರಿ. ಹಾಗಾಗಿ ಪೈಪೋಟಿಯನ್ನು ಎತ್ತರದಿಂದ ಸಮಯಕ್ಕೆ ಬದಲಾಯಿಸಬೇಕು. ಸಾಲು ಕಟ್ಟಿ ನಿಲ್ಲದೆ ನಡೆದು ಬಂದವರೇ ಹಾಗೇ ಏಳುವುದು, ಪೂರ್ತಿ ಎತ್ತದೆ ಅರ್ಧ ಎತ್ತರದಲ್ಲಿ ಚಪ್ಪಟೆ ಎಸೆತ ಹಿಡಿಯುವುದು, ಎದುರಾಳಿ ಎಣಿಸಿ ಮುಗಿಸುವ ಮೊದಲು ಚೆಂಡು ಹೊರಗೆ ಕಳಿಸುವುದು. ಗಿಡ್ಡ ತಂಡಕ್ಕೆ ಇರುವ ಉಪಾಯ ಇಷ್ಟೇ, ಆದರೆ ಇದಕ್ಕೆ ಪೂರ್ತಿ ಎತ್ತರದ ಲೈನ್‌ಔಟ್‌ಗಿಂತ ಹೆಚ್ಚು ಅಭ್ಯಾಸ ಬೇಕು. ಎತ್ತರ ಇದ್ದಾಗ ಸಣ್ಣ ತಪ್ಪು ಮುಚ್ಚಿಹೋಗುತ್ತದೆ, ಇಲ್ಲಿ ಮುಚ್ಚುವುದಿಲ್ಲ. 2015ರ ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ಜಪಾನ್ 34-32ರಿಂದ ದಕ್ಷಿಣ ಆಫ್ರಿಕಾವನ್ನು ಸೋಲಿಸಿತು. ಅದಕ್ಕೆ ಮೊದಲು ವಿಶ್ವಕಪ್‌ನಲ್ಲಿ ಜಪಾನ್ ಗೆದ್ದಿದ್ದ ಪಂದ್ಯ ಒಂದೇ ಒಂದು, 1991ರಲ್ಲಿ ಜಿಂಬಾಬ್ವೆ ವಿರುದ್ಧ. ಎಲ್ಲರ ನೆನಪಲ್ಲಿ ಉಳಿದದ್ದು ಕೊನೆಯ ಗಳಿಗೆಯ ಕಾರ್ನೆ ಹೆಸ್ಕೆತ್ ಟ್ರೈ. ಲೈನ್‌ಔಟ್ ಬಲ್ಲವರು ಉಳಿದೆರಡನ್ನು ನೋಡುತ್ತಾರೆ. ಮೈಕೆಲ್ ಲೀಚ್ ಟ್ರೈ ಲೈನ್‌ಔಟ್ ನಂತರದ ಮಾಲ್‌ನಿಂದ (ಚೆಂಡು ಹಿಡಿದವನನ್ನು ಅಪ್ಪಿ ಗುಂಪಾಗಿ ತಳ್ಳುವುದು) ಬಂತು, ಆಟದ ದೈತ್ಯರನ್ನು ಜಪಾನ್ ತಳ್ಳಿಕೊಂಡು ಹೋಯಿತು. ಅಯುಮು ಗೊರೊಮಾರು ಟ್ರೈ ಲೈನ್‌ಔಟ್‌ನಿಂದ ನೇರವಾಗಿ, ಒಂದು ಸಲವೂ ನೆಲಕ್ಕೆ ಬೀಳದೆ ಬಂತು.

ಮಾಲ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಚೆಂಡು ಹಿಡಿದವನು ಕೆಳಗಿಳಿಯುವಾಗಲೇ ತನ್ನ ತಂಡದ ಕಡೆ ತಿರುಗಬೇಕು. ಎತ್ತಿದ ಇಬ್ಬರು ಎರಡು ಬದಿಯಿಂದ ಅಪ್ಪಿ ಮುಂದೆ ಗೋಡೆ ಕಟ್ಟಬೇಕು. ಎದುರಾಳಿಗೆ ಅವನನ್ನು ಕೆಡವಲು ಸಿಗುವ ಅವಕಾಶ ಕಾಲು ನೆಲಕ್ಕೆ ತಾಗಿದ ಆ ಒಂದು ಕ್ಷಣ ಮಾತ್ರ. ಮಾಲ್ ಕೂಡಿದ ಮೇಲೆ ಕೆಡವಿದರೆ ಪೆನಾಲ್ಟಿ. ಆಮೇಲೆ ಚೆಂಡನ್ನು ಕೈಯಿಂದ ಕೈಗೆ ಹಿಂದಕ್ಕೆ ಸಾಗಿಸಬೇಕು. ಸಾಗಿಸುವಾಗ ಚೆಂಡು ಹಿಡಿದವನು ಗುಂಪಿನಿಂದ ಬಿಡಿಸಿಕೊಂಡು ಹಿಂದೆ ಉಳಿದು, ಮುಂದಿನವರು ಬರೀ ಅಡ್ಡ ನಿಂತಂತಾದರೆ ಪೆನಾಲ್ಟಿ ತಮ್ಮ ಮೇಲೇ. ಹೊಸಬರು ಎಡವುವುದು ಇನ್ನೊಂದು ಕಡೆ: ಎಲ್ಲರೂ ಮೊದಲ ಕ್ಷಣದಿಂದಲೇ ತಳ್ಳುತ್ತಾರೆ. ಕಟ್ಟುವ ಮೊದಲು ತಳ್ಳಿದ ಮಾಲ್ ಎರಡು ಹೆಜ್ಜೆಗೆ ಸೀಳುತ್ತದೆ.

ವಿಶ್ವಕಪ್ ಮುಗಿದ ಮೇಲೆ ಬೋರ್ತ್‌ವಿಕ್ ಬ್ರಿಸ್ಟಲ್ ಕ್ಲಬ್ ಸೇರಿದರು. ಕೆಲವೇ ವಾರಗಳಲ್ಲಿ ಇಂಗ್ಲೆಂಡ್ ಕೋಚ್ ಆದ ಜೋನ್ಸ್ ಅಲ್ಲಿಂದ ಎಳೆದುಕೊಂಡರು. 2016ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಸಿಕ್ಸ್ ನೇಷನ್ಸ್ ಟೂರ್ನಿಯ ಎಲ್ಲ ಪಂದ್ಯ ಗೆಲುವು), ಆಸ್ಟ್ರೇಲಿಯಾ ನೆಲದಲ್ಲಿ 3-0. 2015ರ ವಿಶ್ವಕಪ್‌ನ ಕೊನೆಯ ಪಂದ್ಯವನ್ನೂ ಸೇರಿಸಿ ಸತತ 18 ಗೆಲುವು, ಅದು ಮುರಿದದ್ದು 2017ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ. ಅದೇ ವರ್ಷ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡದ ಫಾರ್ವರ್ಡ್ ಕೋಚ್ ಆಗಿ ನ್ಯೂಜಿಲೆಂಡ್ ಪ್ರವಾಸ, ಸರಣಿ ಸಮ. 2019ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಸೆಮಿಫೈನಲ್ ಗೆದ್ದು, ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಗೆ 12-32ರಿಂದ ಶರಣು. ಲೈನ್‌ಔಟ್ ಕೂಗುತ್ತಿದ್ದವರು ಬಹುಪಾಲು ಜಾರ್ಜ್ ಕ್ರೂಯಿಸ್, ಸಾರಸೆನ್ಸ್‌ನಲ್ಲಿ ಬೋರ್ತ್‌ವಿಕ್ ಜೊತೆಗೇ ಆಡಿ ಬೆಳೆದವರು. ಕೂಗುವ ಕಲೆ ಹೀಗೇ ದಾಟುವುದು, ಪಕ್ಕದಲ್ಲಿ ನಿಂತವನಿಗೆ.

ಸಹಾಯಕ ಕೋಚ್‌ನ ವಾರ ಹೊರಗಿನವರಿಗೆ ಕಾಣುವಷ್ಟು ಬಣ್ಣದ್ದಲ್ಲ. ಪಂದ್ಯ ಶನಿವಾರ ಇದ್ದರೆ, ಭಾನುವಾರ ರಾತ್ರಿಯೊಳಗೆ ಪ್ರತಿ ಲೈನ್‌ಔಟ್ ಅನ್ನೂ ಕತ್ತರಿಸಿ ಪಟ್ಟಿಗೆ ಹಾಕಬೇಕು. ಮೈದಾನದ ಯಾವ ಭಾಗ, ಎಷ್ಟು ಜನ, ಯಾವ ಕೂಗು, ಯಾವ ಜಾಗ, ಎದುರಾಳಿ ಎಲ್ಲಿ ಎದ್ದರು, ಗೆದ್ದೆವೋ ಸೋತೆವೋ. ಇಷ್ಟನ್ನು ಯಾರಾದರೂ ತುಂಬುತ್ತಾರೆ. ಕೋಚ್ ಸ್ವತಃ ತುಂಬಬೇಕಾದ ಕಾಲಂ ಕೊನೆಯದು: ಸೋತದ್ದು ಯಾವುದರಿಂದ. ಕೂಗು, ಸರಿಯುವಿಕೆ, ಎತ್ತುವಿಕೆ, ಎಸೆತ, ಹಿಡಿತ, ಈ ಐದರಲ್ಲಿ ಒಂದನ್ನು ಮಾತ್ರ ಆರಿಸಬೇಕು, ಮೊದಲು ಕೆಟ್ಟದ್ದು ಯಾವುದೋ ಅದನ್ನು. ಇದಕ್ಕೆ ಟಿವಿಯ ಪಕ್ಕದ ಕೋನ ಸಾಲದು. ಗೋಲ್ ಕಂಬದ ಹಿಂದಿನ ಎತ್ತರದ ಕ್ಯಾಮೆರಾ ಬೇಕು, ಸಂದು ಮತ್ತು ಹೆಜ್ಜೆ ಅಲ್ಲಿಂದಲೇ ಕಾಣುವುದು. ನಾಲ್ಕು ಪಂದ್ಯದ ಪಟ್ಟಿ ಕೂಡಿಸಿ ನೋಡಿದರೆ, ಎಸೆತದ ತಪ್ಪು ಅಂದುಕೊಂಡದ್ದರಲ್ಲಿ ಬಹಳಷ್ಟು ಸರಿಯುವಿಕೆಯ ತಪ್ಪು ಅಂತ ಗೊತ್ತಾಗುತ್ತದೆ. ಜಿಗಿಯುವವನು ಜಾಗಕ್ಕೆ ಅರ್ಧ ಹೆಜ್ಜೆ ತಡ, ಹುಕರ್ ಸರಿಯಾದ ಜಾಗಕ್ಕೇ ಎಸೆದಿದ್ದಾನೆ. ಔಷಧಿ ಬೇರೆ ಬೇರೆ. ಎಸೆತದ ತಪ್ಪಿಗೆ ಹುಕರ್ ಒಬ್ಬನೇ ದಿನಾ ಎಸೆಯಬೇಕು, ಸರಿಯುವಿಕೆಯ ತಪ್ಪಿಗೆ ಚೆಂಡೇ ಇಲ್ಲದೆ ಏಳೂ ಜನ ಹೆಜ್ಜೆ ಹಾಕಬೇಕು. ಸೋಮವಾರ ನಡೆದುಕೊಂಡು, ಮಂಗಳವಾರ ಎದುರಾಳಿ ನಿಲ್ಲಿಸಿ ಪೂರ್ತಿ ಬಲದಲ್ಲಿ, ಬುಧವಾರ ವಿಶ್ರಾಂತಿ, ಗುರುವಾರ ವೇಗ, ಶುಕ್ರವಾರ ಆರೇಳು ಕೂಗು ಮಾತ್ರ. ಹೊಸ ಕೂಗನ್ನು ಗುರುವಾರದ ನಂತರ ಸೇರಿಸಬಾರದು. ಸೇರಿಸಿದರೆ ಶನಿವಾರ ಆರು ಜನ ಹೊಸದಕ್ಕೆ ಹೋಗುತ್ತಾರೆ, ಏಳನೆಯವನು ಹಳೆಯದಕ್ಕೆ ನಿಂತಿರುತ್ತಾನೆ.

ಹತ್ತು ಎಸೆತದಲ್ಲಿ ಒಂಬತ್ತು ಗೆದ್ದರೆ ಒಳ್ಳೆಯ ಲೈನ್‌ಔಟ್. ಆದರೆ ಈ ಶೇಕಡಾ ಲೆಕ್ಕ ಮೋಸ ಮಾಡುತ್ತದೆ. ಬರೀ ಮುಂದಿನ ಜಾಗಕ್ಕೇ ಎಸೆದರೆ ಹತ್ತಕ್ಕೆ ಹತ್ತೂ ಗೆಲ್ಲಬಹುದು, ಆದರೆ ಅಲ್ಲಿ ಸಿಕ್ಕ ಚೆಂಡಿನಿಂದ ದಾಳಿ ಕಟ್ಟುವುದು ಕಷ್ಟ, ಎದುರಾಳಿ ಹತ್ತಿರದಲ್ಲೇ ಇರುತ್ತಾರೆ. ಬಾಲದ ಚೆಂಡಿಗೆ ಅಪಾಯ ಹೆಚ್ಚು, ಬೆಲೆಯೂ ಹೆಚ್ಚು. ಎಲ್ಲಿ ಎಷ್ಟು ಅಪಾಯ ತಾಳಬಹುದು ಅಂತ ತೀರ್ಮಾನಿಸುವುದು ಲೈನ್‌ಔಟ್ ಕೋಚ್‌ನ ಕೆಲಸವಲ್ಲ, ಮುಖ್ಯ ಕೋಚ್‌ನದು. ಬಡ್ತಿ ಸಿಕ್ಕ ತಜ್ಞರು ಕಂಗಾಲಾಗುವುದು ಈ ಹೊಸಿಲಲ್ಲೇ.

ಬೋರ್ತ್‌ವಿಕ್ ಅದನ್ನು ದಾಟಿದ್ದು ಲೆಸ್ಟರ್ ಟೈಗರ್ಸ್‌ನಲ್ಲಿ. ನನಗೆ ಬ್ರೈಟನ್‌ಗಿಂತ ಇದು ದೊಡ್ಡ ಕೆಲಸವಾಗಿ ಕಾಣುತ್ತದೆ. 2020ರಲ್ಲಿ ಅವರು ಹೋದಾಗ ಲೆಸ್ಟರ್ ಇಂಗ್ಲೆಂಡಿನ ಕ್ಲಬ್ ಲೀಗ್‌ನ ಹನ್ನೆರಡು ತಂಡಗಳಲ್ಲಿ ಹನ್ನೊಂದನೆಯದು. ಕೊನೆಯ ಸ್ಥಾನ ತಪ್ಪಿದ್ದೂ ಸಂಬಳದ ಮಿತಿ ಮೀರಿದ ಸಾರಸೆನ್ಸ್‌ಗೆ ಅಂಕ ಕಡಿತವಾದದ್ದರಿಂದ. ಮುಂದಿನ ಸೀಸನ್‌ನಲ್ಲಿ ಆರನೇ ಸ್ಥಾನ, ಅದರ ಮುಂದಿನದರಲ್ಲಿ ಆರಂಭದಿಂದಲೇ ಸಾಲು ಸಾಲು ಗೆಲುವು, 2022ರ ಜೂನ್ 18ರಂದು ಸಾರಸೆನ್ಸ್ ವಿರುದ್ಧವೇ 15-12ರಿಂದ ಪ್ರಶಸ್ತಿ. ಫ್ರೆಡ್ಡಿ ಬರ್ನ್ಸ್ ಕೊನೆಯ ಗಳಿಗೆಯಲ್ಲಿ ಹೊಡೆದ ಡ್ರಾಪ್ ಗೋಲ್‌ನಿಂದ ಅದು ದಕ್ಕಿತು. ಮಾಡಿದ್ದೇನು? ಕೂಗಿನ ಪಟ್ಟಿಯನ್ನು ಕಿರಿದು ಮಾಡುವ ಅದೇ ಬುದ್ಧಿಯನ್ನು ಇಡೀ ಆಟಕ್ಕೆ ಹಚ್ಚಿದರು. ತಮ್ಮ ಅರ್ಧದಲ್ಲಿ ಚೆಂಡು ಕೈಯಲ್ಲಿಟ್ಟುಕೊಂಡು ಒದ್ದಾಡಬೇಡಿ, ಎತ್ತರಕ್ಕೆ ಒದೆಯಿರಿ, ಹಿಂದೆ ಓಡಿ ಒತ್ತಡ ಹಾಕಿ, ಪೆನಾಲ್ಟಿ ಸಿಕ್ಕರೆ ಮೂಲೆಗೆ ಒದ್ದು ಲೈನ್‌ಔಟ್, ಅಲ್ಲಿಂದ ಮಾಲ್. ನೋಡಲು ನೀರಸ ಅಂತ ಬೈದವರು ಬಹಳ. ಆ ಬೈಗುಳದಲ್ಲಿ ಸತ್ಯವೂ ಇದೆ. ಆದರೆ ಸೋತು ಸೋತು ಕುಸಿದ ತಂಡಕ್ಕೆ ಮೊದಲು ಬೇಕಾದದ್ದು ಎಲ್ಲರೂ ಒಂದೇ ಸಲಕ್ಕೆ ಸರಿಯಾಗಿ ಮಾಡಬಲ್ಲ ಮೂರು ನಾಲ್ಕು ಕೆಲಸ. ತಡೆ ಕಲಿಸಲು ರಗ್ಬಿ ಲೀಗ್‌ನ (ಹದಿಮೂರು ಜನರ ಬೇರೆಯೇ ಆಟ) ಕೆವಿನ್ ಸಿನ್‌ಫೀಲ್ಡ್ ಅವರನ್ನು ತಂದರು. ತನಗೆ ಗೊತ್ತಿಲ್ಲದ್ದನ್ನು ಬೇರೆ ಆಟದವರ ಕೈಗೆ ಒಪ್ಪಿಸುವುದು ಎಲ್ಲ ಕೋಚ್‌ಗಳಿಗೂ ಬರುವ ಗುಣ ಅಲ್ಲ.

ಇಂಗ್ಲೆಂಡ್ ಕುರ್ಚಿ ಸಿಕ್ಕ ಮೇಲೆ ಮೊದಲ ಪಂದ್ಯ ಸ್ಕಾಟ್ಲೆಂಡ್ ವಿರುದ್ಧ, ಕಲ್ಕತ್ತಾ ಕಪ್‌ಗಾಗಿ. ಕಲ್ಕತ್ತಾ ಫುಟ್‌ಬಾಲ್ ಕ್ಲಬ್ 1878ರಲ್ಲಿ ಮುಚ್ಚುವಾಗ ಖಾತೆಯಲ್ಲಿ ಉಳಿದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಕಪ್ ಅದು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 23-29ರಿಂದ ಅದು ಸ್ಕಾಟ್ಲೆಂಡ್ ಪಾಲಾಯಿತು. ಮಾರ್ಚ್‌ನಲ್ಲಿ ತವರು ಮೈದಾನ ಟ್ವಿಕನ್‌ಹ್ಯಾಮ್‌ನಲ್ಲೇ ಫ್ರಾನ್ಸ್ 53-10ರಿಂದ ಹೊಡೆಯಿತು, ಆಗಸ್ಟ್‌ನಲ್ಲಿ ಫಿಜಿ ಮೊದಲ ಬಾರಿಗೆ ಇಂಗ್ಲೆಂಡನ್ನು ಸೋಲಿಸಿತು. ಕ್ಲಬ್‌ನಲ್ಲಿ ದಿನಾ ಸಿಗುವ ಆಟಗಾರರು ದೇಶದ ತಂಡದಲ್ಲಿ ವರ್ಷಕ್ಕೆ ಕೆಲವೇ ವಾರ ಸಿಗುತ್ತಾರೆ. ಲೆಸ್ಟರ್‌ನಲ್ಲಿ ಎರಡು ಸೀಸನ್ ಹಿಡಿದ ಕೆಲಸವನ್ನು ಇಲ್ಲಿ ತುಂಡು ತುಂಡಾಗಿ ಮಾಡಬೇಕು. 2023ರ ವಿಶ್ವಕಪ್‌ಗೆ ಮುನ್ನ ಸಿಕ್ಕ ದೀರ್ಘ ಶಿಬಿರದಲ್ಲಿ ಬೋರ್ತ್‌ವಿಕ್ ಮತ್ತೆ ಪಟ್ಟಿ ಕಿರಿದು ಮಾಡಿದರು. ಮಾರ್ಸೆಯಲ್ಲಿ ಅರ್ಜೆಂಟೀನಾ ವಿರುದ್ಧ ಮೂರನೇ ನಿಮಿಷಕ್ಕೇ ಟಾಮ್ ಕರಿ ಮೈದಾನ ಬಿಟ್ಟು ಹದಿನಾಲ್ಕು ಜನ ಉಳಿದಾಗಲೂ ಜಾರ್ಜ್ ಫೋರ್ಡ್ ಒಬ್ಬರ ಕಾಲಿಂದಲೇ 27 ಅಂಕ ಬಂತು, ಗೆಲುವು 27-10.

ಸೆಮಿಫೈನಲ್‌ನಲ್ಲಿ ಈ ವಿದ್ಯೆಯ ಬಲವೂ ಮಿತಿಯೂ ಒಂದೇ ಸಂಜೆ ಕಂಡವು. ಪ್ಯಾರಿಸ್‌ನ ಮಳೆಯಲ್ಲಿ ಇಂಗ್ಲೆಂಡ್ ಎತ್ತರಕ್ಕೆ ಒದ್ದು, ದಕ್ಷಿಣ ಆಫ್ರಿಕಾದ ಲೈನ್‌ಔಟ್ ಮೇಲೆ ಏರಿಹೋಗಿ, 15-6ರಿಂದ ಮುಂದಿತ್ತು. ಅಲ್ಲಿಂದ ಆಟ ಸ್ಕ್ರಮ್‌ಗೆ, ಅಂದರೆ ಎರಡೂ ತಂಡದ ಫಾರ್ವರ್ಡ್‌ಗಳು ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವ ಕಡೆಗೆ, ಜಾರಿತು. ಬೆಂಚಿನಿಂದ ಬಂದ ಆಕ್ಸ್ ಎನ್‌ಚೆ ಮತ್ತು ವಿನ್ಸೆಂಟ್ ಕಾಕ್ ಇಂಗ್ಲೆಂಡಿನ ಸ್ಕ್ರಮ್ ಮುರಿದರು. ಪೆನಾಲ್ಟಿಯಿಂದ ಮೂಲೆಗೆ ಒದ್ದು, ಲೈನ್‌ಔಟ್ ಕಟ್ಟಿ ಆರ್‌ಜಿ ಸ್ನೈಮನ್ ಟ್ರೈ, ಬೋರ್ತ್‌ವಿಕ್ ಹತ್ತು ವರ್ಷ ಕಲಿಸಿದ ಅದೇ ದಾರಿಯಿಂದ. 78ನೇ ನಿಮಿಷಕ್ಕೆ ಇನ್ನೊಂದು ಸ್ಕ್ರಮ್ ಪೆನಾಲ್ಟಿ, ಹ್ಯಾಂಡ್ರೆ ಪೊಲಾರ್ಡ್ ಒದ್ದರು, 16-15. ಲೈನ್‌ಔಟ್‌ನಲ್ಲಿ ಬುದ್ಧಿಯಿಂದ ಎತ್ತರವನ್ನು ತಪ್ಪಿಸಬಹುದು. ಸ್ಕ್ರಮ್‌ನಲ್ಲಿ ದಣಿದ ಪ್ರಾಪ್‌ನ ಬೆನ್ನನ್ನು ಯಾವ ಕೂಗೂ ನೆಟ್ಟಗೆ ನಿಲ್ಲಿಸುವುದಿಲ್ಲ, 60ನೇ ನಿಮಿಷಕ್ಕೆ ಅಷ್ಟೇ ಬಲದ ಇನ್ನೊಬ್ಬ ಪ್ರಾಪ್ ಬೇಕು. 2025ರ ನವೆಂಬರ್‌ನಲ್ಲಿ ಎಲ್ಲಿಸ್ ಗೆಂಜ್, ಲ್ಯೂಕ್ ಕೋವನ್-ಡಿಕಿ, ವಿಲ್ ಸ್ಟುವರ್ಟ್ ಮೂವರನ್ನೂ, ಅಂದರೆ ಲಯನ್ಸ್‌ಗೆ ಆಡಿದ ಇಡೀ ಮುಂದಿನ ಸಾಲನ್ನೇ, ಬೆಂಚಿನಲ್ಲಿ ಕೂರಿಸಿ ದ್ವಿತೀಯಾರ್ಧಕ್ಕೆ ಒಟ್ಟಿಗೆ ಇಳಿಸುವ ಪದ್ಧತಿಗೆ ಅವರು ಬಂದರು. ಆ ತಿಂಗಳು ಟ್ವಿಕನ್‌ಹ್ಯಾಮ್‌ನಲ್ಲಿ ನ್ಯೂಜಿಲೆಂಡ್ 33-19ರಿಂದ ಸೋತಿತು.